ಕಾರವಾರ, ಶಿರಸಿ ಕಡೆಯೋರು ಕಿಲಿಮಂಜಾರೋ ಹತ್ತೋದು ಹೇಗೆ: ಕೇಳ್ತಾ ಇರೋರಿಗೆಲ್ಲ ಒಂದೇ ಸಲ ಉತ್ತರ

"ಕಿಲಿಮಂಜಾರೋಗೆ ಹೋಗ್ಬೇಕು, ಎಷ್ಟು ಖರ್ಚು, ಎಷ್ಟು ದಿನ, ಹಗ್ಗ ಗಿಗ್ಗ ಹಿಡ್ಕೊಂಡು ಹತ್ಬೇಕಾ, ಸಮುದ್ರದ ದಂಡೆಯಲ್ಲಿ ಹುಟ್ಟಿದೋರಿಗೆ ಆಗ್ತದಾ" ಅಂತ ಕೇಳೋರು ಈಗೀಗ ಜಾಸ್ತಿ ಆಗಿದ್ದಾರೆ, ಒಬ್ಬೊಬ್ಬರಿಗೂ ಫೋನಲ್ಲಿ ಅದನ್ನೇ ಹೇಳೋದಕ್ಕಿಂತ ಒಂದು ಕಡೆ ಬರೆದು ಇಡೋದು ಒಳ್ಳೇದು ಅನ್ನಿಸ್ತು. ಉದ್ದ ಆಗಿದೆ, ನಿಧಾನ ಓದಿ.

ಚುಟುಕು ಉತ್ತರ: ಆಗ್ತದೆ. ಕಿಲಿಮಂಜಾರೋ ಇರೋದು ತಾಂಜಾನಿಯಾದಲ್ಲಿ, ಎತ್ತರ 5,895 ಮೀಟರ್, ಆಫ್ರಿಕಾದಲ್ಲೇ ಅತಿ ಎತ್ತರದ್ದು. ತುದಿಗೆ ಉಹುರು ಪೀಕ್ ಅಂತ ಹೆಸರು. ಮಾಮೂಲಿ ದಾರಿಗಳಲ್ಲಿ ಹಗ್ಗ ಬೇಡ, ಐಸ್ ಕೊಡಲಿ ಬೇಡ, ಪೂರ್ತಿ ನಡಿಗೆನೇ. ಒಬ್ಬೊಬ್ಬರೇ ಹೋಗೋ ಹಾಗಿಲ್ಲ, ಲೈಸೆನ್ಸ್ ಇರೋ ಗೈಡ್ ಇಲ್ಲದೆ ಪಾರ್ಕಿನ ಗೇಟಲ್ಲೇ ಬಿಡೋದಿಲ್ಲ. ಕಷ್ಟ ಇರೋದು ಗಾಳಿಯಲ್ಲಿ. ತುದಿಯಲ್ಲಿ ನಿಮಗೆ ಸಿಗೋ ಆಮ್ಲಜನಕ ಕಾರವಾರದ ಬೀಚಲ್ಲಿ ಸಿಗೋದರ ಹೆಚ್ಚುಕಮ್ಮಿ ಅರ್ಧ. ಕಾಲಲ್ಲಿ ಕಸುವಿದ್ದೋರೂ ಅರ್ಧಕ್ಕೆ ವಾಪಸ್ ಬರೋದು ಇದಕ್ಕೇ, ದಿನ ಉಳಿಸೋಕೆ ಹೋಗಿ ಗಡಿಬಿಡಿಯಲ್ಲಿ ಹತ್ತಿರ್ತಾರೆ. ಹಾಗಾಗಿ ಕೆಳಗೆ ಬರೆದಿರೋದರಲ್ಲಿ ಎರಡನೇ ಹಂತ ಮತ್ತು ಎಂಟನೇ ಹಂತ ಮಾತ್ರ ಎರಡೆರಡು ಸಲ ಓದಿ, ಉಳಿದದ್ದು ಹೇಗೋ ಆಗ್ತದೆ.

ಹಂತ 1: ತಿಂಗಳು ಗೊತ್ತು ಮಾಡ್ಕೊಳ್ಳಿ

ಅಲ್ಲಿ ಒಣ ಹವೆ ಇರೋದು ವರ್ಷದಲ್ಲಿ ಎರಡು ಸಲ. ಜನವರಿಯಿಂದ ಮಾರ್ಚ್ ಅರ್ಧದ ತನಕ ಒಂದು, ಜೂನ್‌ನಿಂದ ಅಕ್ಟೋಬರ್ ತನಕ ಇನ್ನೊಂದು. ಮಾರ್ಚ್ ಕೊನೆಯಿಂದ ಮೇ ತನಕ ದೊಡ್ಡ ಮಳೆ, ನವೆಂಬರ್ ಸುಮಾರಿಗೆ ಸಣ್ಣ ಮಳೆ. "ಮಳೆ ನಮಗೆ ಹೊಸದಾ" ಅಂತ ಕೇಳ್ಬೇಡಿ, ಆಗುಂಬೆ ಮಳೆಯಲ್ಲಿ ನೆನೆಯೋದು ಬೇರೆ, ನಾಲ್ಕು ಸಾವಿರ ಮೀಟರ್ ಮೇಲೆ ಒದ್ದೆ ಬಟ್ಟೆಯಲ್ಲಿ ರಾತ್ರಿ ಕಳೆಯೋದು ಬೇರೆ.

ನಮ್ಮ ಕಡೆ ಕೆಲಸದ ಲೆಕ್ಕ ನೋಡಿದ್ರೆ, ತೋಟದೋರಿಗೆ ಜನವರಿ ಕಷ್ಟ, ಕೊನೆ ಕೊಯ್ಲು, ಅಡಿಕೆ ಬೇಯಿಸೋದು, ಒಣಗಿಸೋದು ಎಲ್ಲ ಆವಾಗ್ಲೇ. ಮದ್ದು ಹೊಡೆದು ಮುಗಿಸಿ ಸೆಪ್ಟೆಂಬರ್‌ನಲ್ಲಿ ಹೋಗೋದು ಸಲೀಸು. ಬೋಟಿನ ಕೆಲಸದೋರಿಗೆ ಜೂನ್-ಜುಲೈ ಮೀನುಗಾರಿಕೆ ಬಂದ್ ಇರ್ತದಲ್ಲ, ಅದೇ ಅಲ್ಲಿ ಒಳ್ಳೆ ಸೀಸನ್. ಒಂದೇ ಒಂದು ಎಚ್ಚರಿಕೆ, ಆ ಎರಡು ತಿಂಗಳು ತುದಿಯಲ್ಲಿ ಚಳಿ ಜಾಸ್ತಿ. ಬೆಚ್ಚಗಿರ್ಬೇಕು ಅಂದ್ರೆ ಜನವರಿ-ಫೆಬ್ರವರಿ ವಾಸಿ.

ಹಂತ 2: ದಾರಿ ಆರಿಸೋದಕ್ಕಿಂತ ದಿನ ಆರಿಸಿ

ಎಲ್ಲರೂ ಮೊದಲು ಕೇಳೋದು "ಯಾವ ರೂಟ್ ಸುಲಭ" ಅಂತ. ಕೇಳಬೇಕಾದ್ದು "ಯಾವ ರೂಟಲ್ಲಿ ಎಷ್ಟು ದಿನ" ಅಂತ.

ಎತ್ತರಕ್ಕೆ ಹೋದ ಹಾಗೆ ಮೈ ತಾನಾಗಿ ಹೊಂದ್ಕೊಳ್ಳೋಕೆ ಶುರು ಮಾಡ್ತದೆ, ಉಸಿರು ಜೋರಾಗ್ತದೆ, ಮೂತ್ರ ಜಾಸ್ತಿ ಆಗ್ತದೆ, ರಕ್ತದಲ್ಲಿ ಏನೇನೋ ಬದಲಾವಣೆ ಆಗ್ತದೆ. ಇದಕ್ಕೆ ಅಕ್ಲಿಮಟೈಸೇಶನ್ ಅಂತಾರೆ, ಎತ್ತರಕ್ಕೆ ಪಳಗೋದು ಅಂದ್ಕೊಳ್ಳಿ. ಇದಕ್ಕೆ ಸಮಯ ಬೇಕೇ ಬೇಕು, ದುಡ್ಡು ಕೊಟ್ರೂ ಜಿಮ್ಮಿಗೆ ಹೋದ್ರೂ ಇದು ಬೇಗ ಆಗೋದಿಲ್ಲ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗೋ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು ಅನ್ನೋದು ವೈದ್ಯರ ಸಾಮಾನ್ಯ ಸಲಹೆ. ಕಿಲಿಮಂಜಾರೋದ ಯಾವ ಪ್ಯಾಕೇಜೂ ಇದನ್ನ ಪೂರ್ತಿ ಪಾಲಿಸೋದಿಲ್ಲ, ದಿನ ಜಾಸ್ತಿ ಇದ್ದಷ್ಟು ಹತ್ತಿರ ಬರ್ತದೆ ಅಷ್ಟೆ.

ಮರಂಗು ದಾರಿಯಲ್ಲಿ ಟೆಂಟ್ ಇಲ್ಲ, ಮರದ ಗುಡಿಸಲಲ್ಲಿ ಮಂಚ ಹಾಸಿಗೆ ಇರ್ತದೆ, ಅದಕ್ಕೇ ಜನ ಇದನ್ನ ಸುಲಭ ಅಂದ್ಕೊಳ್ತಾರೆ. ಐದು ದಿನದ ಪ್ಯಾಕೇಜ್ ಅಂತ ಮಾರೋದೂ ಇದನ್ನೇ. ಐದು ದಿನ ಅಂದ್ರೆ ಮೊದಲ ರಾತ್ರಿ 2,720 ಮೀಟರ್, ಎರಡನೇ ರಾತ್ರಿ 3,720, ಮೂರನೇ ದಿನ 4,720ರ ಕಿಬೋ ಹಟ್, ಅದೇ ರಾತ್ರಿ ತುದಿಗೆ. ದಿನಕ್ಕೆ ಒಂದೊಂದು ಸಾವಿರ ಮೀಟರ್! ಸಮುದ್ರಮಟ್ಟದಿಂದ ಹೋದ ಮೈಗೆ ಇದು ಶಿಕ್ಷೆ. ಮರಂಗುನೇ ಬೇಕು ಅಂದ್ರೆ ಆರು ದಿನದ್ದು ತಗೊಳ್ಳಿ, ಹೊರೊಂಬೋದಲ್ಲಿ, ಅಂದ್ರೆ ಆ 3,720ರ ಕ್ಯಾಂಪಲ್ಲಿ, ಒಂದು ದಿನ ಜಾಸ್ತಿ ಉಳಿಯೋದು ಸಿಗ್ತದೆ.

ಮಚಾಮೆ ದಾರಿಯಲ್ಲಿ ಏಳು ದಿನ, ಲೆಮೋಶೋದಲ್ಲಿ ಎಂಟು ದಿನ, ಇವೆರಡರಲ್ಲಿ ಒಂದನ್ನ ಆರಿಸಿ ಅಂತ ನನ್ನ ಸಲಹೆ. ಎರಡರಲ್ಲೂ ಒಂದು ದಿನ 4,600 ಮೀಟರ್ ಹತ್ತಿರದ ಲಾವಾ ಟವರ್ ತನಕ ಹತ್ತಿಸಿ, ಊಟ ಮಾಡಿಸಿ, ಮಲಗೋಕೆ 3,960ರ ಬರಾಂಕೊ ಕ್ಯಾಂಪಿಗೆ ಇಳಿಸ್ತಾರೆ. "ಹತ್ತಿದ್ದನ್ನ ಇಳಿಸೋದು ಎಂತಕ್ಕೆ, ದಂಡ" ಅಂತ ಬೈಯೋರಿದ್ದಾರೆ, ಆದ್ರೆ ಇಡೀ ಟ್ರೆಕ್ಕಿನಲ್ಲಿ ಅತೀ ಉಪಯೋಗದ ದಿನ ಅದೇ. ಮೇಲೆ ಹೋಗಿ ಮೈಗೆ ರುಚಿ ತೋರಿಸೋದು, ಕೆಳಗೆ ಬಂದು ಮಲಗೋದು. ಮಚಾಮೆಯಲ್ಲಿ ಆರು ದಿನದ್ದೂ ಮಾರ್ತಾರೆ, ಅದರಲ್ಲಿ ಕರಂಗಾ ಕ್ಯಾಂಪಿನ ರಾತ್ರಿ ಕತ್ತರಿಸಿರ್ತಾರೆ, ಬೇಡ.

ರೊಂಗಾಯ್ ಕೀನ್ಯಾ ಗಡಿ ಕಡೆಯಿಂದ, ಉತ್ತರದ ಮಗ್ಗುಲು, ಮಳೆ ಕಮ್ಮಿ, ಜನನೂ ಕಮ್ಮಿ. ಒಂಬತ್ತು ದಿನ ಕೊಡೋಕೆ ಆಗೋರಿಗೆ ನಾರ್ದರ್ನ್ ಸರ್ಕಿಟ್ ಇದೆ, ದುಬಾರಿ ಆದ್ರೆ ಪಳಗೋಕೆ ಅದರಷ್ಟು ಒಳ್ಳೇದು ಬೇರೆ ಇಲ್ಲ. ಉಂಬ್ವೆ ಅಂತ ಒಂದಿದೆ, ಕಡಿದು, ಮೊದಲ ಸಲದೋರು ಅದರ ಹೆಸರು ಮರೆತುಬಿಡಿ.

ಹಂತ 3: ಕಂಪನಿ ಮತ್ತು ದುಡ್ಡು

ಲೆಕ್ಕ ಗೊತ್ತಿದ್ರೆ ಮೋಸ ಹೋಗೋದಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೇನೆ. ಪಾರ್ಕಿಗೆ ಕಟ್ಟೋ ಶುಲ್ಕ ಒಬ್ಬರಿಗೆ ದಿನಕ್ಕೆ 70 ಡಾಲರ್, ಟೆಂಟ್ ಹಾಕೋ ರಾತ್ರಿಗೆ 50 ಡಾಲರ್, ರೆಸ್ಕ್ಯೂ ಅಂತ ಒಂದೇ ಸಲ 20 ಡಾಲರ್, ಇದರ ಮೇಲೆ 18 ಪರ್ಸೆಂಟ್ ತೆರಿಗೆ. ಏಳು ದಿನ ಆರು ರಾತ್ರಿಗೆ ಕೂಡಿಸಿ ನೋಡಿ, 950 ಡಾಲರ್ ದಾಟ್ತದೆ. ದರ ಆಗಾಗ ಏರ್ತಾ ಇರ್ತದೆ, ಬುಕ್ ಮಾಡೋವಾಗ ಒಂದ್ಸಲ ಕೇಳ್ಕೊಳ್ಳಿ. ಈ ದುಡ್ಡು ಯಾವ ಕಂಪನಿನೂ ತಪ್ಪಿಸೋಕಾಗಲ್ಲ. ಈಗ ಯಾರೋ "ಏಳು ದಿನ, ಎಲ್ಲ ಸೇರಿ 1,200 ಡಾಲರ್" ಅಂದ್ರೆ, ಉಳಿದ ಇನ್ನೂರೈವತ್ತರಲ್ಲಿ ಗೈಡ್, ಅಡುಗೆಯವನು, ಹೊರೆ ಹೊರೋರು, ಊಟ, ಟೆಂಟ್, ಜೀಪು ಎಲ್ಲ ಆಗ್ಬೇಕು. ಹೇಗೆ ಆಗ್ತದೆ? ಹೊರೆಯೋರ ಕೂಲಿಯಲ್ಲಿ ಕಡಿತ ಮಾಡಿ ಆಗ್ತದೆ, ಬೇರೆ ದಾರಿ ಇಲ್ಲ. ನೀವು ಇಬ್ಬರೇ ಹೋದ್ರೂ ನಿಮ್ಮ ಹಿಂದೆ ಎಂಟು-ಹತ್ತು ಜನ ಬರ್ತಾರೆ ಅನ್ನೋದು ನೆನಪಿಟ್ಕೊಳ್ಳಿ.

ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಅಂತ ಒಂದು ಸಂಸ್ಥೆ ಇದೆ, ಹೊರೆಯೋರಿಗೆ ಸರಿಯಾದ ಕೂಲಿ, ಊಟ, ಮಲಗೋ ಜಾಗ ಕೊಡೋ ಕಂಪನಿಗಳ ಪಟ್ಟಿ ಇಟ್ಟಿರ್ತದೆ. ಆ ಪಟ್ಟಿಯಲ್ಲಿರೋ ಕಂಪನಿನೇ ಹಿಡಿಯಿರಿ. ಏಳೆಂಟು ದಿನಕ್ಕೆ ಎರಡು ಸಾವಿರ ಡಾಲರ್ ಆಸುಪಾಸು ಅಂದ್ರೆ ಒಪ್ಪೋ ಮಾತು. ಬೆಂಗಳೂರು, ಮುಂಬೈ ಏಜೆಂಟ್ ಮೂಲಕ ಹೋದ್ರೂ ಅಲ್ಲಿ ನಿಮ್ಮನ್ನ ಕರ್ಕೊಂಡು ಹೋಗೋದು ತಾಂಜಾನಿಯಾದ ಒಂದು ಕಂಪನಿನೇ, ಅದರ ಹೆಸರು ಮೊದಲೇ ಕೇಳಿ ಬರಹದಲ್ಲಿ ತಗೊಳ್ಳಿ. ಹೆಸರು ಹೇಳೋಕೆ ಹಿಂದೆಮುಂದೆ ನೋಡಿದ್ರೆ ಅಲ್ಲಿಗೆ ಬಿಟ್ಬಿಡಿ.

ಕೇಳಬೇಕಾದ ಪ್ರಶ್ನೆ ಇಷ್ಟು: ಇಬ್ಬರು ಟ್ರೆಕ್ಕರಿಗೆ ಎಷ್ಟು ಗೈಡ್, ಗೈಡ್ ಹತ್ರ ಆಕ್ಸಿಜನ್ ಸಿಲಿಂಡರ್ ಇರ್ತದಾ, ಬೆರಳಿಗೆ ಹಾಕೋ ಆಕ್ಸಿಮೀಟರ್‌ನಲ್ಲಿ ದಿನಾ ನೋಡ್ತಾರಾ, ಒಬ್ಬರಿಗೆ ಹುಷಾರಿಲ್ಲದಿದ್ರೆ ಅವರ ಜೊತೆ ಇಳಿಯೋಕೆ ಬೇರೆ ಗೈಡ್ ಇದ್ದಾನಾ. ಕೊನೆಯದು ಬಹಳ ಮುಖ್ಯ. ಒಬ್ಬನೇ ಗೈಡ್ ಇದ್ದು ನಿಮ್ಮ ಸ್ನೇಹಿತನಿಗೆ ಆಗದೆ ಹೋದ್ರೆ ನೀವೂ ಇಳಿಯಬೇಕಾಗ್ತದೆ.

ಟಿಪ್ಸ್ ಅನ್ನೋದು ಅಲ್ಲಿ ಸಂಬಳದ ಭಾಗನೇ, ಕೊಟ್ರೆ ಕೊಟ್ಟೆ ಬಿಟ್ರೆ ಬಿಟ್ಟೆ ಅನ್ನೋ ಹಾಗಿಲ್ಲ. ಗುಂಪಿನ ಲೆಕ್ಕದಲ್ಲಿ ದಿನಕ್ಕೆ ಮುಖ್ಯ ಗೈಡಿಗೆ 20ರಿಂದ 25 ಡಾಲರ್, ಸಹಾಯಕ ಗೈಡಿಗೆ 15ರಿಂದ 20, ಅಡುಗೆಯವನಿಗೆ 12ರಿಂದ 15, ಹೊರೆಯೋರಿಗೆ ತಲಾ 8ರಿಂದ 10. ನಿಮ್ಮ ಪಾಲಿಗೆ 200-300 ಡಾಲರ್ ಬರ್ತದೆ, ಮೊದಲೇ ತೆಗೆದಿಡಿ. ವಿಮಾನ, ವೀಸಾ, ಟಿಪ್ಸ್, ಬಟ್ಟೆಬರೆ ಎಲ್ಲ ಸೇರಿ ಮೂರು ಲಕ್ಷ ರೂಪಾಯಿ ಹತ್ತಿರ ಹತ್ತಿರ, ಸಾಮಾನು ಹೊಸದಾಗಿ ಕೊಂಡ್ರೆ ಅದಕ್ಕೂ ಮೇಲೆ. ದುಡ್ಡು ಕಮ್ಮಿ ಇದ್ರೆ ಒಂದು ವರ್ಷ ತಡ ಮಾಡಿ, ದಿನ ಕಮ್ಮಿ ಮಾಡ್ಬೇಡಿ.

ಹಂತ 4: ಕಾಗದಪತ್ರ, ಚುಚ್ಚುಮದ್ದು, ವಿಮೆ

ವೀಸಾ ಆನ್‌ಲೈನ್‌ನಲ್ಲೇ ಸಿಗ್ತದೆ, ಭಾರತದೋರಿಗೆ ಸಾಮಾನ್ಯ ವೀಸಾಕ್ಕೆ 50 ಡಾಲರ್. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳು ಅವಧಿ ಉಳಿದಿರ್ಬೇಕು. ಗೂಗಲ್ ಮಾಡಿದ್ರೆ ಸರ್ಕಾರಿ ಸೈಟಿನ ಹಾಗೇ ಕಾಣೋ ದಲ್ಲಾಳಿ ಸೈಟುಗಳು ಮೇಲೆ ಬರ್ತವೆ, ದುಪ್ಪಟ್ಟು ತಗೊಳ್ತವೆ, ತಾಂಜಾನಿಯಾ ಇಮಿಗ್ರೇಶನ್ ಇಲಾಖೆಯದ್ದೇ ಹೌದಾ ನೋಡ್ಕೊಂಡು ದುಡ್ಡು ಕಟ್ಟಿ.

ಹಳದಿ ಜ್ವರದ ಚುಚ್ಚುಮದ್ದು ಅಂದ್ರೆ ಯೆಲ್ಲೋ ಫೀವರ್ ವ್ಯಾಕ್ಸಿನ್. ಭಾರತದಿಂದ ನೇರ ಹೋದ್ರೆ ಅಲ್ಲಿ ಕೇಳೋದಿಲ್ಲ, ಆದ್ರೆ ನಮ್ಮ ವಿಮಾನಗಳು ಹೆಚ್ಚಾಗಿ ಹೋಗೋದು ಇಥಿಯೋಪಿಯಾದ ಅಡಿಸ್ ಅಬಾಬಾ ಇಲ್ಲ ಕೀನ್ಯಾದ ನೈರೋಬಿ ಮೇಲೆ. ಆ ದೇಶಗಳು ರೋಗ ಇರೋ ಪಟ್ಟಿಯಲ್ಲಿವೆ. ವಿಮಾನ ತಡ ಆಗಿ 12 ಗಂಟೆ ಮೇಲೆ ಅಲ್ಲೇ ಉಳಿಯೋ ಹಾಗಾದ್ರೆ ತಾಂಜಾನಿಯಾದಲ್ಲಿ ಸರ್ಟಿಫಿಕೇಟ್ ಕೇಳ್ತಾರೆ, ವಾಪಸ್ ಬರೋವಾಗ ನಮ್ಮಲ್ಲೂ ತಕರಾರು ಬರಬಹುದು. ತಗೊಂಡುಬಿಡಿ, ತಲೆನೋವು ಬೇಡ. ಇದು ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಸಿಗ್ತದೆ, ಪೇಟೆ ಆಸ್ಪತ್ರೆಯಲ್ಲಿ ಇಲ್ಲ. ಕಾರವಾರದೋರಿಗೆ ಗೋವಾದ ಮರ್ಮಗೋವಾ ಬಂದರಿನ ಆರೋಗ್ಯ ಕಚೇರಿ ಹತ್ತಿರ, ಯಾವ ವಾರ ಕೊಡ್ತಾರೆ ಅಂತ ಫೋನ್ ಮಾಡ್ಕೊಂಡೇ ಹೋಗಿ. ತಗೊಂಡು ಹತ್ತು ದಿನ ಆದ ಮೇಲೇ ಸರ್ಟಿಫಿಕೇಟ್ ಚಾಲ್ತಿಗೆ ಬರ್ತದೆ, ಆಮೇಲೆ ಜೀವಮಾನಪೂರ್ತಿ ನಡೀತದೆ. ಮೊಟ್ಟೆ ಅಲರ್ಜಿ ಇರೋರು, ಅರವತ್ತು ದಾಟಿದೋರು ಡಾಕ್ಟರ ಹತ್ರ ಮೊದಲು ಮಾತಾಡಿ.

ಬೆಟ್ಟದ ಮೇಲೆ ಸೊಳ್ಳೆ ಕಾಟ ಇಲ್ಲ, ಆದ್ರೆ ಬುಡದಲ್ಲಿರೋ ಮೋಶಿ ಪಟ್ಟಣ ಬರೀ 900 ಮೀಟರ್ ಸುಮಾರು ಎತ್ತರ, ಅಲ್ಲಿ ಮಲೇರಿಯಾ ಇದೆ. ಮುಂಜಾಗ್ರತೆ ಮಾತ್ರೆ ಯಾವುದು ಅಂತ ಡಾಕ್ಟರೇ ಹೇಳಲಿ.

ವಿಮೆಯಲ್ಲಿ ಎಡವೋರು ಬಹಳ. ಮಾಮೂಲಿ ಟ್ರಾವೆಲ್ ಇನ್ಶೂರೆನ್ಸ್ ಸಣ್ಣ ಅಕ್ಷರದಲ್ಲಿ ಟ್ರೆಕ್ಕಿಂಗ್ ಬಿಟ್ಟಿರ್ತದೆ, ಇಲ್ಲ ಇಂತಿಷ್ಟು ಎತ್ತರದ ತನಕ ಮಾತ್ರ ಅಂತ ಇರ್ತದೆ. "6,000 ಮೀಟರ್ ತನಕ ಟ್ರೆಕ್ಕಿಂಗ್ ಮತ್ತೆ ಹೆಲಿಕಾಪ್ಟರ್‌ನಲ್ಲಿ ಇಳಿಸೋದು ಸೇರಿದೆ" ಅಂತ ಮೇಲ್‌ನಲ್ಲಿ ಬರೆಸ್ಕೊಳ್ಳಿ. ಫೋನಲ್ಲಿ ಹೂಂ ಅಂದಿದ್ದು ಲೆಕ್ಕಕ್ಕಿಲ್ಲ.

ಹಂತ 5: ಮೈ ತಯಾರಿ, ಇಲ್ಲೇ, ನಮ್ಮ ಘಟ್ಟದಲ್ಲೇ

ಮೊದಲು ಒಂದು ಸತ್ಯ ಹೇಳ್ತೇನೆ. ಉತ್ತರ ಕನ್ನಡದಲ್ಲಿ ಎಲ್ಲಿ ಹತ್ತಿದ್ರೂ ಎತ್ತರಕ್ಕೆ ಪಳಗೋಕೆ ಆಗೋದಿಲ್ಲ. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್, ಅದೂ ಸಾಲದು. ಇಲ್ಲಿ ತಯಾರಿ ಮಾಡೋದು ಕಾಲು, ಸೊಂಟ, ಎದೆಗೆ ಮಾತ್ರ.

ಕಡಿಮೆ ಅಂದ್ರೂ ಮೂರು ತಿಂಗಳು ಬೇಕು. ವಾರಕ್ಕೆ ಮೂರು ದಿನ ಒಂದೊಂದು ಗಂಟೆ ಚುರುಕು ನಡಿಗೆ, ಭಾನುವಾರ ಒಂದು ಉದ್ದದ ಏರು. ಕಾರವಾರದೋರಿಗೆ ಟಾಗೋರ್ ಬೀಚಿನ ಮೆತ್ತನೆ ಮರಳಿದೆ, ಗುಡ್ಡೆಹಳ್ಳಿ ಗುಡ್ಡ ಇದೆ. ಮರಳಲ್ಲಿ ನಡೆಯೋದನ್ನ ಸಸಾರ ಮಾಡ್ಬೇಡಿ, ಕಿಲಿಮಂಜಾರೋದ ಕೊನೆ ಏರು ಪೂರ್ತಿ ಜಾರೋ ಸಣ್ಣ ಕಲ್ಲು-ಬೂದಿ, ಅದಕ್ಕೆ ಸ್ಕ್ರೀ ಅಂತಾರೆ, ಎರಡು ಹೆಜ್ಜೆ ಹೋದ್ರೆ ಒಂದು ಹೆಜ್ಜೆ ಹಿಂದೆ ಬರ್ತದೆ. ಕುಮಟಾ, ಶಿರಸಿಯೋರಿಗೆ ದೇವಿಮನೆ ಘಟ್ಟ, ಯಾಣ. ಸಿದ್ದಾಪುರದೋರಿಗೆ ಜೋಗದ ಮೆಟ್ಟಿಲಷ್ಟು ಒಳ್ಳೆ ಜಿಮ್ ಇನ್ನೆಲ್ಲಿದೆ, ಸಾವಿರದ ಮೇಲೆ ಮೆಟ್ಟಿಲು, ಮೊದಲು ಇಳಿದು ಆಮೇಲೆ ಹತ್ತಬೇಕು. ಕಾಡೊಳಗೆ ಹೋಗೋದಾದ್ರೆ ಅರಣ್ಯ ಇಲಾಖೆ ಅನುಮತಿ ಕೇಳಿ, ಮಳೆಗಾಲದಲ್ಲಿ ಹಲವು ಕಡೆ ಬಂದ್ ಮಾಡ್ತಾರೆ, ಆವಾಗ ಮನೆ ಹತ್ರದ ಯಾವುದಾದ್ರೂ ನಾಲ್ಕು ಮಾಳಿಗೆ ಕಟ್ಟಡದ ಮೆಟ್ಟಿಲೇ ಸಾಕು. ಮುರುಡೇಶ್ವರದ ಗೋಪುರ ಹತ್ತಿದ್ದೇನೆ ಅನ್ನಬೇಡಿ, ಅಲ್ಲಿ ಲಿಫ್ಟ್ ಇದೆ.

ಬೆನ್ನಿಗೆ ಆರೇಳು ಕಿಲೋ ಚೀಲ ಹಾಕ್ಕೊಂಡೇ ಅಭ್ಯಾಸ ಮಾಡಿ. ದೊಡ್ಡ ಸಾಮಾನು ಹೊರೆಯೋರು ಹೊರ್ತಾರೆ, ಆದ್ರೆ ನೀರು, ಜಾಕೆಟ್, ತಿಂಡಿ ನಿಮ್ಮ ಬೆನ್ನ ಮೇಲೇ ಇರ್ತದೆ.

ಎಲ್ಲರೂ ಹತ್ತೋದನ್ನ ಅಭ್ಯಾಸ ಮಾಡ್ತಾರೆ, ಇಳಿಯೋದನ್ನ ಯಾರೂ ಮಾಡೋದಿಲ್ಲ. ಮಚಾಮೆ, ಲೆಮೋಶೋದಲ್ಲಿ ತುದಿಯ ದಿನ ನೀವು 5,895ರಿಂದ ಎಂವೆಕಾ ಕ್ಯಾಂಪಿನ 3,100ಕ್ಕೆ ಇಳೀತೀರಿ, ಒಂದೇ ದಿನದಲ್ಲಿ 2,800 ಮೀಟರ್ ಹತ್ತಿರ. ಶಿರಸಿ ಪೇಟೆ ಸಮುದ್ರದಿಂದ ಸುಮಾರು 590 ಮೀಟರ್ ಮೇಲಿದೆ, ಅಂದ್ರೆ ಘಟ್ಟ ಪೂರ್ತಿ ನಾಲ್ಕೂಮುಕ್ಕಾಲು ಸಲ ಇಳಿದಷ್ಟು, ಅದೂ ರಾತ್ರಿಯೆಲ್ಲ ನಿದ್ದೆ ಇಲ್ಲದೆ. ಮಂಡಿ ಸೋಲೋದು ಅಲ್ಲೇ. ವಾರಕ್ಕೊಂದು ಸಲ ಆದ್ರೂ ಉದ್ದದ ಇಳಿಜಾರು ಇಳಿದು ನೋಡಿ, ಎರಡು ಕೋಲು ಹಿಡಿದು ಇಳಿಯೋದು ರೂಢಿ ಮಾಡ್ಕೊಳ್ಳಿ.

ಹಂತ 6: ಸಾಮಾನು, ಅದರಲ್ಲೂ ಶೂ

ಹೊರೆಯೋರಿಗೆ ಕೊಡೋ ಬ್ಯಾಗು 15 ಕಿಲೋ ಮೀರಬಾರದು. ಸೂಟ್‌ಕೇಸ್ ನಡೆಯೋದಿಲ್ಲ, ಮೆತ್ತಗಿನ ಡಫಲ್ ಬ್ಯಾಗ್ ಬೇಕು.

ಸ್ಲೀಪಿಂಗ್ ಬ್ಯಾಗು, ಗರಿ ತುಂಬಿದ ದಪ್ಪ ಜಾಕೆಟ್, ಕೋಲು, ಗೇಟರ್ ಅಂದ್ರೆ ಶೂ ಒಳಗೆ ಕಲ್ಲು ಹೋಗದ ಹಾಗೆ ಕಾಲಿಗೆ ಕಟ್ಟೋ ಬಟ್ಟೆ, ಇವೆಲ್ಲ ಮೋಶಿಯಲ್ಲಿ ಬಾಡಿಗೆಗೆ ಸಿಗ್ತವೆ. ನಮ್ಮ ಸೆಖೆ ಊರಲ್ಲಿ ಮತ್ತೆ ಎಂದೂ ಹಾಕದ ಜಾಕೆಟ್ ಕೊಂಡು ಕಪಾಟಿನಲ್ಲಿ ಬೂಷ್ಟು ಹಿಡಿಸೋದಕ್ಕಿಂತ ಬಾಡಿಗೆ ಎಷ್ಟೋ ವಾಸಿ.

ಶೂ ಮಾತ್ರ ನಿಮ್ಮದೇ, ಪಳಗಿದ್ದೇ ಬೇಕು. ಇಲ್ಲಿ ನಮ್ಮ ಕರಾವಳಿಯೋರಿಗೆ ಒಂದು ವಿಶೇಷ ಎಚ್ಚರಿಕೆ ಇದೆ. ಟ್ರೆಕ್ಕಿಂಗ್ ಶೂಗಳ ನಡುವಿನ ಮೆತ್ತನೆ ಪದರ ಬಹಳ ಸಲ ಪಾಲಿಯುರೆಥೇನ್‌ದು ಇರ್ತದೆ, ಅದು ಗಾಳಿಯ ತೇವ ಕುಡಿದು ಕುಡಿದು ಒಳಗೇ ಲಡ್ಡಾಗ್ತದೆ. ಹಾಕದೆ ಡಬ್ಬಿಯಲ್ಲಿ ಇಟ್ರೆ ಇನ್ನೂ ಬೇಗ. ಹೊರಗಿಂದ ನೋಡಿದ್ರೆ ಹೊಸದರ ಹಾಗೇ ಹೊಳೀತಾ ಇರ್ತದೆ, ಹೆಬ್ಬೆರಳಲ್ಲಿ ಅಟ್ಟೆ ಮೇಲಿನ ಅಂಚು ಒತ್ತಿ ನೋಡಿ, ಪುಡಿ ಉದುರಿದ್ರೆ, ಸಣ್ಣ ಬಿರುಕು ಕಂಡ್ರೆ, ಒತ್ತಿದ ಗುಳಿ ಹಾಗೇ ಉಳಿದ್ರೆ ಆ ಶೂ ಮುಗೀತು. ಒಂದೆರಡು ತಾಸು ನಡೆದ ಮೇಲೆ ಅಟ್ಟೆ ಪೂರ್ತಿ ಕಳಚಿ ಕೈಗೆ ಬರ್ತದೆ. ಮೂರು-ನಾಲ್ಕು ಮಳೆಗಾಲ ಕಂಡ ಶೂ ಇದ್ರೆ ಹೊಸದು ಕೊಳ್ಳಿ, ಹೊಸದನ್ನ ಎರಡು ತಿಂಗಳು ಘಟ್ಟದಲ್ಲಿ ಹಾಕಿ ಹಾಕಿ ಮೆತ್ತಗೆ ಮಾಡ್ಕೊಳ್ಳಿ.

ಬಟ್ಟೆ ಪದರ ಪದರವಾಗಿ. ಮೈಗೆ ಅಂಟೋ, ಬೆವರು ಬೇಗ ಒಣಗೋ ಒಳಬಟ್ಟೆ, ಅದರ ಮೇಲೆ ಫ್ಲೀಸ್, ಅದರ ಮೇಲೆ ಗರಿ ಜಾಕೆಟ್, ಎಲ್ಲಕ್ಕೂ ಹೊರಗೆ ಗಾಳಿ ಮಳೆ ತಡೆಯೋದು. ಹತ್ತಿ ಬನಿಯನ್ ಮನೆಯಲ್ಲಿಡಿ, ಬೆವರು ಹಿಡಿದ ಹತ್ತಿ ಚಳಿಯಲ್ಲಿ ಒಣಗೋದೇ ಇಲ್ಲ. ಕೈಗೆ ಎರಡು ಪದರ ಗವುಸು. ಅದನ್ನ ಹಾಕ್ಕೊಂಡೇ ಜಿಪ್ ಎಳೆಯೋದು, ಬಾಟ್ಲಿ ಮುಚ್ಚಳ ತೆಗೆಯೋದು ಮನೆಯಲ್ಲೇ ಅಭ್ಯಾಸ ಮಾಡಿ, ಮನೆಯೋರು ನಗ್ತಾರೆ, ನಗಲಿ. ಹೆಡ್‌ಲೈಟು, ಹೆಚ್ಚುವರಿ ಸೆಲ್ಲು, ಯುವಿ ತಡೆಯೋ ಕನ್ನಡಕ, ಸನ್‌ಸ್ಕ್ರೀನ್, ತುಟಿಗೆ ಹಚ್ಚೋದು. ಪವರ್ ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರ್ಬೇಕು.

ಮತ್ತೊಂದು, ನಾವು ಎಲ್ಲದಕ್ಕೂ ಪ್ಲಾಸ್ಟಿಕ್ ಕೊಟ್ಟೆ ಹಾಕೋ ಜನ. ತಾಂಜಾನಿಯಾದಲ್ಲಿ 2019ರ ಜೂನ್‌ನಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ ಆಗಿದೆ, ವಿಮಾನ ನಿಲ್ದಾಣದಲ್ಲೇ ತೆಗೆಸ್ತಾರೆ. ಬಳಸಿ ಬಿಸಾಡೋ ನೀರಿನ ಬಾಟ್ಲಿಯನ್ನೂ ಪಾರ್ಕಿನೊಳಗೆ ಬಿಡೋದಿಲ್ಲ. ಬಟ್ಟೆ ನೆನೆಯದ ಹಾಗೆ ಇಡೋಕೆ ಡ್ರೈ ಬ್ಯಾಗ್, ನೀರಿಗೆ ಗಟ್ಟಿ ಬಾಟ್ಲಿ ತಗೊಂಡು ಹೋಗಿ.

ಹಂತ 7: ಊರಿಂದ ಬೆಟ್ಟದ ಬುಡಕ್ಕೆ, ಮತ್ತೆ ಊಟದ ವಿಷಯ

ಗೋವಾದಿಂದ ಮುಂಬೈ, ಮುಂಬೈಯಿಂದ ಅಡಿಸ್ ಅಬಾಬಾ, ಅಲ್ಲಿಂದ ಕಿಲಿಮಂಜಾರೋ ವಿಮಾನ ನಿಲ್ದಾಣ. ರೈಲಲ್ಲಿ ಮುಂಬೈಗೆ ಹೋಗೋ ಲೆಕ್ಕ ಇದ್ರೆ, ಮಳೆಗಾಲದಲ್ಲಿ ಕೊಂಕಣ ರೈಲ್ವೆ ವೇಳಾಪಟ್ಟಿನೇ ಬೇರೆ, ಗಾಡಿ ನಿಧಾನ. ರಸ್ತೆ ನಂಬೋಣ ಅಂದ್ರೆ 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದಾಗ ಹೆದ್ದಾರಿ ಏನಾಯ್ತು ಅಂತ ನಿಮಗೆ ಗೊತ್ತೇ ಇದೆ. ಜೂನ್-ಸೆಪ್ಟೆಂಬರ್‌ನಲ್ಲಿ ಹೋಗೋರು ಮುಂಬೈ ಒಂದು ದಿನ ಮೊದಲೇ ಮುಟ್ಟಿ. ಟ್ರೆಕ್ ಶುರುವಾಗೋ ಹಿಂದಿನ ದಿನ ಮೋಶಿಯಲ್ಲಿರೋದಕ್ಕಿಂತ ಎರಡು ದಿನ ಮೊದಲು ಇರೋದು ಇನ್ನೂ ಒಳ್ಳೇದು, ಬ್ಯಾಗು ತಡವಾಗಿ ಬಂದ್ರೂ ಬಚಾವ್. ಟ್ರೆಕ್ಕಿಂಗ್ ಶೂ ಕಾಲಿಗೇ ಹಾಕ್ಕೊಂಡು ವಿಮಾನ ಹತ್ತಿ, ಉಳಿದದ್ದೆಲ್ಲ ಬಾಡಿಗೆಗೆ ಸಿಕ್ಕೀತು, ಅದು ಸಿಗೋದಿಲ್ಲ.

ಊಟದ ಚಿಂತೆ ಜಾಸ್ತಿ ಮಾಡ್ಬೇಡಿ. ಅಡುಗೆಯವನು ಜೊತೆಗೇ ಬರ್ತಾನೆ, ಬಿಸಿ ಸೂಪು, ಅನ್ನ, ಬಟಾಟೆ, ಚಪಾತಿ, ತರಕಾರಿ, ಬೆಳಿಗ್ಗೆ ಉಜಿ ಅಂತ ಹಿಟ್ಟಿನ ಗಂಜಿ. ಮೊಟ್ಟೆನೂ ತಿನ್ನದ ಸಸ್ಯಾಹಾರಿ ಆದ್ರೆ ಬುಕ್ ಮಾಡೋವಾಗ್ಲೇ ಬಿಡಿಸಿ ಹೇಳಿ, ಸುಮ್ಮನೆ ವೆಜ್ ಅಂದ್ರೆ ಮೊಟ್ಟೆ ಬರ್ತದೆ. ಮೀನು ಕೋಳಿ ತಿನ್ನೋರಿಗೂ ಒಂದು ಮಾತು, ಮೇಲೆ ಫ್ರಿಜ್ ಇಲ್ಲ, ಎರಡು-ಮೂರು ದಿನ ಕಳೆದ ಮೇಲೆ ಮಾಂಸ ಬಿಟ್ಬಿಡಿ.

ನಾಲ್ಕು ಸಾವಿರ ಮೀಟರ್ ಮೇಲೆ ಹಸಿವೆ ಸಾಯ್ತದೆ, ಊಟ ಕಂಡ್ರೆ ಬೇಡ ಅನ್ನಿಸ್ತದೆ. ಆವಾಗ ಕೆಲಸಕ್ಕೆ ಬರೋದು ಅಪ್ಪೆಮಿಡಿ ಉಪ್ಪಿನಕಾಯಿ. ಒಂದು ಮಿಡಿ ನೆಂಚ್ಕೊಂಡ್ರೆ ಒಂದು ತಟ್ಟೆ ಗಂಜಿ ಅನ್ನ ಒಳಗೆ ಹೋಗ್ತದೆ. ಸೋರದ ಸ್ಟೀಲ್ ಡಬ್ಬಿಯಲ್ಲಿ, ಎಣ್ಣೆ ಬಸಿದು, ದೊಡ್ಡ ಬ್ಯಾಗಿನಲ್ಲಿ ಹಾಕಿ. ಚಟ್ನಿಪುಡಿ, ಹುರಿದ ಶೇಂಗಾ, ಚಿಕ್ಕಿ, ಒಣದ್ರಾಕ್ಷಿ ಜೇಬಿಗೆ. ನೀರು ದಿನಕ್ಕೆ ಮೂರು ಲೀಟರ್ ಆದ್ರೂ ಕುಡಿಯಿರಿ, ಬಾಯಾರಿಕೆ ಆಗೋ ತನಕ ಕಾಯ್ಬೇಡಿ.

ಕ್ಯಾಂಪಿನ ಸಾರ್ವಜನಿಕ ಕಕ್ಕಸು ಗುಂಡಿ, ಅಷ್ಟಕ್ಕಷ್ಟೇ. ಗುಂಪಿಗೆ ಬೇರೆ ಪೋರ್ಟಬಲ್ ಟಾಯ್ಲೆಟ್ ಟೆಂಟ್ ಬಾಡಿಗೆಗೆ ಸಿಗ್ತದೆ, ದುಡ್ಡು ಹಾಕಿ ತಗೊಳ್ಳಿ, ಹೆಂಗಸರಿದ್ರೆ ಅಂತೂ ತಗೊಳ್ಳಲೇಬೇಕು. ಎತ್ತರದಲ್ಲಿ ಮುಟ್ಟು ತಾರೀಕು ತಪ್ಪಿ ಬರೋದು ಉಂಟು, ದಿನ ಇಲ್ಲ ಅಂತ ಪ್ಯಾಡ್ ಬಿಟ್ಟು ಹೋಗ್ಬೇಡಿ.

ಹಂತ 8: ಮೇಲೆ ನಡೆಯೋದು, ಮತ್ತೆ "ಪಿತ್ತ" ಅನ್ನೋ ಅಪಾಯ

ಗೈಡ್ ದಿನವಿಡೀ "ಪೋಲೆ ಪೋಲೆ" ಅಂತಿರ್ತಾನೆ, ನಿಧಾನ ಅಂತ. ಎಷ್ಟು ನಿಧಾನ ಅಂದ್ರೆ ಮದುವೆ ದಿಬ್ಬಣದ ಹಿಂದೆ ನಡೆಯೋ ಹಾಗೆ. ಮೊದಲೆರಡು ದಿನ ಇದು ಕಿರಿಕಿರಿ ಆಗ್ತದೆ, ದಾಟಿ ಹೋಗೋಣ ಅನ್ನಿಸ್ತದೆ, ಹೋಗ್ಬೇಡಿ. ಮೂಗಲ್ಲೇ ಉಸಿರಾಡ್ತಾ, ಪಕ್ಕದೋರ ಜೊತೆ ಮಾತಾಡ್ತಾ ನಡೆಯೋಕೆ ಆಗೋ ವೇಗ ಸರಿ. ಎರಡು ಮಾತಿಗೆ ಏದುಸಿರು ಬಂದ್ರೆ ನೀವು ಜೋರಾಗಿ ಹೋಗ್ತಿದ್ದೀರಿ. ನಮ್ಮ ಕಡೆ ಗಟ್ಟಿಮುಟ್ಟಾದ ಹುಡುಗರೇ ಇಲ್ಲಿ ಜಾಸ್ತಿ ಸೋಲ್ತಾರೆ ಮಾರಾಯ್ರೆ, ಐವತ್ತೈದರ ಹೆಂಗಸರು ಆರಾಮ ತುದಿ ಮುಟ್ಟಿ ಬರ್ತಾರೆ.

ಈಗ ಮುಖ್ಯ ವಿಷಯ. ಎಎಂಎಸ್ ಅಂದ್ರೆ ಎತ್ತರಕ್ಕೆ ಮೈ ಹೊಂದದೆ ಬರೋ ಕಾಯಿಲೆ. ತಲೆನೋವು, ಜೊತೆಗೆ ಹೊಟ್ಟೆ ತೊಳಸೋದು, ವಾಂತಿ, ಸುಸ್ತು, ತಲೆ ತಿರುಗೋದು. ಈಗ ಇದನ್ನ ನಮ್ಮ ಮನೆಯಲ್ಲಿ ಎಂತ ಅಂತಾರೆ ಹೇಳಿ? "ಪಿತ್ತ ಆಗಿದೆ, ಬಿಸಿಲಿಗೆ ಹೋಗಿದ್ದೆ, ಜೀರಿಗೆ ಕಷಾಯ ಕುಡಿದ್ರೆ ಹೋಗ್ತದೆ." ಮೇಲೆ ಹೋದ ಮೇಲೆ ಪಿತ್ತ ಅನ್ನೋ ಶಬ್ದನೇ ಬಿಟ್ಬಿಡಿ. ಅಲ್ಲಿ ಬರೋ ಪ್ರತಿ ತಲೆನೋವು ಎತ್ತರದ್ದೇ, ಬೇರೆ ಕಾರಣ ಗಟ್ಟಿಯಾಗೋ ತನಕ. ಕಷಾಯ ಕುಡಿಯಿರಿ, ಬೇಡ ಅನ್ನಲ್ಲ, ಆದ್ರೆ ಗೈಡಿಗೆ ಹೇಳಿ ಕುಡಿಯಿರಿ. ವಾಪಸ್ ಕಳಿಸ್ತಾನೆ ಅಂತ ಹೆದರಿ ಮುಚ್ಚಿಡೋರಿದ್ದಾರೆ, ಅದರಷ್ಟು ಕೆಟ್ಟ ಕೆಲಸ ಇಲ್ಲ. ಸಣ್ಣ ತಲೆನೋವಿಗೆ ಯಾರೂ ಇಳಿಸೋದಿಲ್ಲ. ನಡಿಗೆ ನಿಧಾನ ಮಾಡಿಸ್ತಾರೆ, ನೀರು ಕುಡಿಸ್ತಾರೆ, ಮತ್ತೆ ನೋಡ್ತಾರೆ. ಗುಣ ಆಗೋ ತನಕ ಮಾತ್ರ ಮೇಲಕ್ಕೆ ಹೋಗಬಾರದು.

ಇದು ಬಿಗಡಾಯಿಸಿದ್ರೆ ಎರಡು ರೀತಿ. ಒಂದು ಹೇಪ್, ಶ್ವಾಸಕೋಶದಲ್ಲಿ ನೀರು ತುಂಬೋದು: ಕೂತಲ್ಲೇ ಏದುಸಿರು, ಬಿಡದ ಕೆಮ್ಮು, ಎದೆಯಲ್ಲಿ ಗೊರಗೊರ, ತುಟಿ ನೀಲಿ. ಇನ್ನೊಂದು ಹೇಸ್, ಮಿದುಳು ಊದೋದು: ಕುಡಿದೋರ ಥರ ತೂರಾಡೋದು, ಅಸಂಬದ್ಧ ಮಾತು, ಎಬ್ಬಿಸಿದ್ರೂ ಏಳದ ಮಂಪರು. ಅನುಮಾನ ಬಂದ್ರೆ ನೆಲದ ಮೇಲೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಸಿ ನೋಡಿ, ಆಗದಿದ್ರೆ ತಕ್ಷಣ ಇಳಿಸಬೇಕು. ರಾತ್ರಿ ಎರಡು ಗಂಟೆ ಆಗಿದ್ರೂ, ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ. ಇದಕ್ಕೆ ಮೊದಲ ಮದ್ದು ಇಳಿಯೋದು, ಆಕ್ಸಿಜನ್, ಮಾತ್ರೆ ಎಲ್ಲ ಅದರ ಜೊತೆಗೆ.

ಡಯಾಮಾಕ್ಸ್ ಬಗ್ಗೆ ಎಲ್ಲರೂ ಕೇಳ್ತಾರೆ. ಅಸೆಟಜೋಲಮೈಡ್ ಅನ್ನೋ ಮಾತ್ರೆ ಅದು, ಉಸಿರಾಟ ಹೆಚ್ಚಿಸಿ ಮೈ ಬೇಗ ಹೊಂದೋಕೆ ಸಹಾಯ ಮಾಡ್ತದೆ. ಮುಂಜಾಗ್ರತೆಗೆ ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆ ಎರಡು ಸಲ ಕೊಡ್ತಾರೆ. ಸಲ್ಫಾ ಅಲರ್ಜಿ ಇದ್ದೋರಿಗೆ ಅಪಾಯ ಆಗಬಹುದು, ಕಿಡ್ನಿ ತೊಂದರೆ ಇದ್ದೋರಿಗೂ ಬೇಡ, ಡಾಕ್ಟರ ಕೇಳದೆ ಮೆಡಿಕಲ್ ಶಾಪಿಂದ ತಂದು ನುಂಗ್ಬೇಡಿ. ಒಪ್ಪಿದ್ರೆ ಊರಲ್ಲೇ ಒಂದೆರಡು ದಿನ ತಗೊಂಡು ನೋಡಿ. ಬೆರಳು ಜುಮ್ ಅನ್ನೋದು, ಪದೇ ಪದೇ ಮೂತ್ರ ಬರೋದು ಸಹಜ, ಸೋಡಾ ಕುಡಿದ್ರೆ ಸಪ್ಪೆ ಅನ್ನಿಸ್ತದೆ, ಹೆದರ್ಬೇಡಿ.

ಆಕ್ಸಿಮೀಟರ್ ನಂಬರ್ ನೋಡಿ ಗಾಬರಿ ಆಗೋದೂ ಬೇಡ. ಕೋವಿಡ್ ಟೈಮಲ್ಲಿ 94ಕ್ಕೆ ಆಸ್ಪತ್ರೆಗೆ ಓಡಿದ ನೆನಪು ಎಲ್ಲರಿಗೂ ಇದೆ, ಅಲ್ಲಿ ಮೇಲಿನ ಕ್ಯಾಂಪುಗಳಲ್ಲಿ ಎಂಬತ್ತರ ಆಸುಪಾಸು ಬರೋದು ಮಾಮೂಲು. ನಂಬರಿಗಿಂತ ಮನುಷ್ಯ ಹೇಗಿದ್ದಾನೆ ಅನ್ನೋದು ಮುಖ್ಯ.

ಹಂತ 9: ತುದಿಯ ರಾತ್ರಿ

ಮಚಾಮೆ, ಲೆಮೋಶೋ ದಾರಿಯಲ್ಲಿ ತುದಿಗೆ ಮೊದಲಿನ ಕೊನೆ ಕ್ಯಾಂಪ್ ಬರಾಫು, 4,670 ಮೀಟರ್ ಸುಮಾರು. ಸಂಜೆ ಬೇಗ ಉಣ್ಣಿಸಿ ಮಲಗಿಸ್ತಾರೆ, ನಿದ್ದೆ ಬರೋದಿಲ್ಲ, ಸುಮ್ಮನೆ ಕಣ್ಣು ಮುಚ್ಚಿದ್ರೂ ಸಾಕು. ನಡುರಾತ್ರಿ ಹೊರಡೋದು. ಮಲಗೋ ಮೊದಲೇ ಹಾಕೋ ಬಟ್ಟೆಯೆಲ್ಲ ಕ್ರಮವಾಗಿ ಜೋಡಿಸಿಡಿ, ಕತ್ತಲಲ್ಲಿ, ಚಳಿಯಲ್ಲಿ, ಮಂಕಾದ ತಲೆಯಲ್ಲಿ ಕಾಲುಚೀಲ ಹುಡುಕೋದು ಬೇಡ.

ಚಳಿ ಮೈನಸ್ ಹತ್ತರಿಂದ ಇಪ್ಪತ್ತರ ತನಕ ಹೋಗಬಹುದು, ಗಾಳಿ ಬೇರೆ. ನೀರಿನ ಚೀಲದ ಕೊಳವೆ ಹೆಪ್ಪುಗಟ್ತದೆ, ಅದನ್ನ ನಂಬ್ಬೇಡಿ, ಬಿಸಿನೀರು ತುಂಬಿದ ಬಾಟ್ಲಿಯನ್ನ ಕಾಲುಚೀಲದಲ್ಲಿ ಸುತ್ತಿ ತಲೆಕೆಳಗಾಗಿ ಇಡಿ, ಮಂಜು ಮೇಲಿಂದ ಕಟ್ಟೋದರಿಂದ ಬಾಯಿ ತೆರೆದೇ ಇರ್ತದೆ. ಫೋನು, ಸೆಲ್ಲು ಒಳಜೇಬಲ್ಲಿ, ಮೈಗೆ ತಾಗಿ ಇರಲಿ, ಹೊರಗಿಟ್ರೆ 60 ಪರ್ಸೆಂಟ್ ಇದ್ದ ಫೋನು ತುದಿಯಲ್ಲಿ ಫೋಟೋ ತೆಗೆಯೋ ಹೊತ್ತಿಗೆ ಸತ್ತಿರ್ತದೆ.

ಹೊರಡೋವಾಗ ಸ್ವಲ್ಪ ಚಳಿ ಆಗೋ ಹಾಗೇ ಬಟ್ಟೆ ಹಾಕಿ, ಎಲ್ಲ ಹೇರಿಕೊಂಡು ಹೊರಟ್ರೆ ಹತ್ತೇ ನಿಮಿಷಕ್ಕೆ ಬೆವರಿ ಆಮೇಲೆ ಆ ಬೆವರೇ ಕೊರೀತದೆ. ಐದಾರು ತಾಸು ಮುಂದಿನೋರ ಹಿಮ್ಮಡಿ ಮೇಲೆ ಬಿದ್ದ ಬೆಳಕು ಬಿಟ್ರೆ ಏನೂ ಕಾಣೋದಿಲ್ಲ. ಮೇಲೆ ನೋಡ್ಬೇಡಿ, ಇನ್ನೂ ಎಷ್ಟಿದೆ ಅಂತ ಕೇಳ್ಬೇಡಿ, ಗೈಡ್ ಹೇಗೂ ನಿಜ ಹೇಳೋದಿಲ್ಲ. ನಿಂತ್ರೂ ಎರಡು-ಮೂರು ನಿಮಿಷ ಅಷ್ಟೆ, ಕೂತ್ರೆ ಏಳೋಕೆ ಮನಸ್ಸು ಬರೋದಿಲ್ಲ. ಬೆಳಕು ಹರಿಯೋ ಹೊತ್ತಿಗೆ ಸ್ಟೆಲ್ಲಾ ಪಾಯಿಂಟ್, 5,756 ಮೀಟರ್, ಹಳೇ ಜ್ವಾಲಾಮುಖಿ ಬಾಯಿಯ (ಕುಳಿಯ) ಅಂಚು. ಅಲ್ಲೇ ಮುಗೀತು ಅಂದ್ಕೊಂಡು ಬಹಳ ಜನ ಕುಸಿದು ಕೂರ್ತಾರೆ. ಉಹುರು ಇನ್ನೂ ಮುಕ್ಕಾಲು-ಒಂದು ತಾಸು ಇದೆ, ಏರು ಮಾತ್ರ ಸೌಮ್ಯ, ಎಡಕ್ಕೆ ಹಿಮನದಿ ಕಾಣ್ತಾ ಇರ್ತದೆ. ಸ್ಟೆಲ್ಲಾ ಮುಟ್ಟಿದೋರಿಗೂ ಸರ್ಟಿಫಿಕೇಟ್ ಇದೆ, ಮೈ ಬೇಡ ಅಂದ್ರೆ ಅಲ್ಲಿಂದ ತಿರುಗಿದ್ರೂ ತಪ್ಪಿಲ್ಲ. ಗೈಡ್ ವಾಪಸ್ ಅಂದ್ರೆ ವಾಪಸ್, ಅಲ್ಲಿ ವಾದ ಬೇಡ.

ತುದಿಯಲ್ಲಿ ಹತ್ತು-ಹದಿನೈದು ನಿಮಿಷ ಸಾಕು. ಇಳಿಯೋವಾಗ ಹಿಮ್ಮಡಿ ಊರಿ, ಮಂಡಿ ಸ್ವಲ್ಪ ಬಗ್ಗಿಸಿ, ಮೂಗಿಗೆ ಬಟ್ಟೆ ಕಟ್ಕೊಂಡು, ಧೂಳು ಭಯಂಕರ. ಬಿದ್ದು ಕೈಕಾಲು ಮುರ್ಕೊಳ್ಳೋದು ಹತ್ತೋವಾಗ ಅಲ್ಲ, ಗೆದ್ದೆ ಅಂತ ಓಡಿ ಇಳಿಯೋವಾಗ.

ಹಂತ 10: ಇಳಿದ ಮೇಲೆ

ಟಿಪ್ಸ್ ಕೊಡೋವಾಗ ಎಲ್ಲರೂ ಇರೋ ಹಾಗೆ, ಯಾರಿಗೆ ಎಷ್ಟು ಅಂತ ಗಟ್ಟಿಯಾಗಿ ಹೇಳಿ ಕೊಡಿ, ಒಬ್ಬನ ಕೈಗೆ ಕಂತೆ ಕೊಟ್ಟು ಹಂಚು ಅಂದ್ರೆ ಹೊರೆಯೋರಿಗೆ ಮುಟ್ಟಿತಾ ಇಲ್ವಾ ನಿಮಗೆ ಗೊತ್ತಾಗಲ್ಲ. ಹಳೇ, ಹರಿದ ಡಾಲರ್ ನೋಟು ಅಲ್ಲಿ ಯಾರೂ ತಗೊಳ್ಳೋದಿಲ್ಲ, ಊರಲ್ಲಿ ಡಾಲರ್ ತಗೊಳ್ಳೋವಾಗ್ಲೇ ಹೊಸ ನೋಟು, ಸಣ್ಣ ಸಣ್ಣ ನೋಟು ಕೇಳಿ ತಗೊಳ್ಳಿ. ಉಳಿದ ಬೆಚ್ಚನೆ ಗವುಸು, ಟೋಪಿ ಹೊರೆಯೋರಿಗೆ ಕೊಟ್ಟು ಬಂದ್ರೆ ಕೆಲಸಕ್ಕೆ ಬರ್ತದೆ, ಇಲ್ಲಿ ತಂದು ಏನು ಮಾಡ್ತೀರಿ.

ಮಲೇರಿಯಾ ಮಾತ್ರೆಯನ್ನ ಊರು ಮುಟ್ಟಿದ ದಿನ ನಿಲ್ಲಿಸಿಬಿಡೋದು ಸಾಮಾನ್ಯ ತಪ್ಪು. ಡಾಕ್ಸಿಸೈಕ್ಲಿನ್ ಆದ್ರೆ ವಾಪಸ್ ಬಂದ ಮೇಲೂ ನಾಲ್ಕು ವಾರ, ಅಟೊವಾಕ್ವೋನ್-ಪ್ರೊಗ್ವಾನಿಲ್ ಆದ್ರೆ ಏಳು ದಿನ ಮುಂದುವರಿಸಬೇಕು. ಬಂದು ತಿಂಗಳೆರಡು ತಿಂಗಳೊಳಗೆ ಜ್ವರ ಬಂದ್ರೆ ನಮ್ಮ ಕಡೆ ಡಾಕ್ಟರು ಮೊದಲು ಡೆಂಗಿ, ಇಲಿಜ್ವರ, ಶಿರಸಿ-ಸಿದ್ದಾಪುರ ಕಡೆ ಆದ್ರೆ ಮಂಗನ ಕಾಯಿಲೆ ಅಂತ ಯೋಚನೆ ಮಾಡ್ತಾರೆ, ಸಹಜ. ಒಳಗೆ ಹೋಗ್ತಿದ್ದ ಹಾಗೇ "ಆಫ್ರಿಕಾಕ್ಕೆ ಹೋಗಿ ಬಂದಿದ್ದೇನೆ, ಮಲೇರಿಯಾಕ್ಕೂ ರಕ್ತ ನೋಡಿ" ಅಂತ ನೀವೇ ಹೇಳಿ.